ಮೇ ತಿಂಗಳಲ್ಲಿ ಸಬ್‌ಕಾಂಟ್ರಾಕ್ಟರ್ ಹುಡುಕಿದ್ದು: ಪುಣೆಯ ತೋಟದ ನೀರಾವರಿ, ನನ್ನ ಅನುಭವ

ನಾವು ತೋಟ ಮಾಡಿಕೊಡೋರು. ನೀರಾವರಿ ಕೆಲಸಕ್ಕೆ ಸಬ್‌ಕಾಂಟ್ರಾಕ್ಟರನ್ನು ಪರೀಕ್ಷೆ ಮಾಡಿಯೇ ಆರಿಸೋಣ ಅಂದರೆ ನನ್ನ ಪಾರ್ಟ್‌ನರ್ ಒಪ್ಪಿರಲಿಲ್ಲ. ಬಿಲ್ಡರ್ ಕಡೆಯ ಎಂಜಿನಿಯರ್ ಅಂತೂ ಶುರುವಿನಿಂದಲೇ ಬೇಡ ಅಂದರು. ಮೂರು ಕೊಟೇಶನ್ ತರಿಸಿ, ಕಮ್ಮಿ ರೇಟಿನವನಿಗೆ ಕೊಟ್ಟು ಬಿಡಿ, ಇಷ್ಟೆಲ್ಲ ಓಡಾಟ ಯಾಕೆ ಅಂತ. ಬಾಣೇರ್‌ನ ಆ ಸೊಸೈಟಿ ತೋಟ ಈಗ ಎರಡು ಬೇಸಿಗೆ ದಾಟಿದೆ. ಲಾನ್‌ನಲ್ಲಿ ಒಣಗಿದ ಪಟ್ಟೆ ಒಂದೂ ಇಲ್ಲ, ನಮ್ಮ ಕೊನೆಯ ಬಿಲ್ಲೂ ಪೂರ್ತಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಪೈಪ್ ಸೈಜು, ಝೋನ್ (ಒಂದು ವಾಲ್ವ್‌ನಿಂದ ನೀರು ಹೋಗುವ ಭಾಗ) ಲೆಕ್ಕ ನಿಮಗೆ ಗೊತ್ತಿರುತ್ತೆ, ಅದಕ್ಕೆ ಹೋಗಲ್ಲ.

ಅದಕ್ಕೂ ಮುಂಚೆ ಹಡಪಸರ್ ಕಡೆ ಒಂದು ಸೈಟ್‌ನಲ್ಲಿ ಕಮ್ಮಿ ರೇಟಿನವನೇ ಬಂದಿದ್ದ. ನಾಲ್ಕು ಲಕ್ಷದ ಆಸುಪಾಸಿನ ಕೆಲಸ, ಉಳಿದವರಿಗಿಂತ ಅರವತ್ತು ಎಪ್ಪತ್ತು ಸಾವಿರ ಕಮ್ಮಿ. ಜುಲೈನಲ್ಲಿ ಮುಗಿಸಿ ದುಡ್ಡು ತಗೊಂಡು ಹೋದ. ಮಳೆಗಾಲದಲ್ಲಿ ಯಾವ ತೋಟ ಹಸಿರಾಗಿರಲ್ಲ ಹೇಳಿ? ಫೆಬ್ರವರಿ ಕಳೆಯುತ್ತಿದ್ದ ಹಾಗೆ ಎರೆ ಮಣ್ಣು ಬಿರುಕು ಬಿಟ್ಟಿತು, ಮೇನ್ ಲೈನಿನ ಜಾಯಿಂಟ್‌ಗಳು ಕಿತ್ತುಕೊಂಡವು. ಪೈಪಿನ ಕೆಳಗೆ ಮರಳು ಹಾಸಿರಲೇ ಇಲ್ಲ. ವಾಲ್ವ್ ಬಾಕ್ಸ್ ತೆರೆದರೆ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್‌ನ, ವೈರ್‌ಗಳಿಗೆ ಸುಮ್ನೆ ಕಪ್ಪು ಟೇಪ್ ಸುತ್ತಿದ್ದ, ನೀರು ತಾಗದ ಹಾಗೆ ಗ್ರೀಸ್ ತುಂಬಿದ ಕನೆಕ್ಟರ್ ಹುಡುಕಿದರೂ ಇಲ್ಲ. ಟೇಪ್ ಬಿಚ್ಚಿದೆ, ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಮೆತ್ತಿಕೊಂಡಿತು. ಫೋನ್ ಮಾಡಿದರೆ "ಉದ್ಯಾ ಯೇತೋ ಸಾಹೇಬ್" (ನಾಳೆ ಬರ್ತೀನಿ) ಅಂತಾನೆ, ಬರೋದಿಲ್ಲ. ಅಗೆಸಿದ್ದು, ಹೊಸ ವೈರು, ಸತ್ತ ಗಿಡಗಳ ಬದಲಿಗೆ ಉರುಳಿ ಕಾಂಚನ್ ನರ್ಸರಿಗಳಿಂದ ಮತ್ತೆ ತಂದದ್ದು, ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ ಕೈಯಿಂದ ಹೋಯಿತು. ಜಿಎಸ್‌ಟಿ ರಿಟರ್ನನ್ನೂ ಅವನು ಸರಿಯಾಗಿ ತುಂಬಿರಲಿಲ್ಲ, ಅವನ ಬಿಲ್ಲಿನಲ್ಲಿ ನಾವು ಕಟ್ಟಿದ 18% ತೆರಿಗೆಯ ಕ್ರೆಡಿಟ್ ಬಹಳ ದಿನ ಸಿಕ್ಕಿಹಾಕಿಕೊಂಡಿತ್ತು. ಈಗ ಮೊದಲು ಪೋರ್ಟಲ್‌ನಲ್ಲಿ ಸಬ್‌ಕಾಂಟ್ರಾಕ್ಟರ್‌ನ ಜಿಎಸ್‌ಟಿ ನಂಬರ್ ಹಾಕಿ ರಿಟರ್ನ್ ನೋಡುತ್ತೇನೆ, ಆಮೇಲೆ ಮಾತು.

ಬಾಣೇರ್ ಕೆಲಸಕ್ಕೆ ಏಪ್ರಿಲ್, ಮೇ ಉರಿಬಿಸಿಲಲ್ಲೇ ಹುಡುಕಿದೆ. ಹೊಸ ಸೈಟ್ ಬೇಡ, ಎರಡು ವರ್ಷ ಹಳೆಯದು ತೋರಿಸಿ ಅಂದೆ. ಅರ್ಧ ಜನ ಅಲ್ಲೇ ಜಾರಿಕೊಂಡರು. ಉಳಿದವರ ಸೈಟಿಗೆ ಅವರಿಗೆ ಹೇಳದೆ ಬೆಳಿಗ್ಗೆ ಏಳಕ್ಕೇ ಹೋಗುತ್ತಿದ್ದೆ, ನೇರ ಮಾಲಿ ಹತ್ತಿರ. ವಾಘೋಲಿಯ ಒಂದು ಸೊಸೈಟಿಯಲ್ಲಿ ಮಾಲಿ ನಮ್ಮ ಇಂಡಿ ಕಡೆಯವನು, ಕೈಯಲ್ಲಿ ಉದ್ದ ರಬ್ಬರ್ ಪೈಪ್.

"ಟೈಮರ್ ಐತಲ್ಲೋ ತಮ್ಮಾ, ಮತ್ತ ಪೈಪ್ ಯಾಕ ಹಿಡದೀ?"

"ಟೈಮರಿನ ದೀಪ ಅಷ್ಟ ಹತ್ತತೈತ್ರಿ ಸಾಹೇಬ್ರ, ನೀರ ಬರಂಗಿಲ್ಲ."

ಆ ಸಬ್‌ಕಾಂಟ್ರಾಕ್ಟರ್ ಹೆಸರಿನ ಮೇಲೆ ಅಲ್ಲೇ ಗೀಟು ಎಳೆದೆ. ಡ್ರಿಪ್ (ಹನಿ ನೀರಾವರಿ) ಹಾಕಿದ ತೋಟದಲ್ಲಿ ನಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿದ್ದರೆ ಮುಂದೆ ಏನೂ ಕೇಳಬೇಕಾಗಿಲ್ಲ.

ಇನ್ನೊಂದು, ಅವರ ಟೂಲ್ ಬ್ಯಾಗ್ ನೋಡಿ. ಪೈಪ್ ರೆಂಚ್ ಎಲ್ಲರ ಹತ್ತಿರ ಇರುತ್ತೆ. ಮಲ್ಟಿಮೀಟರ್ ಇದೆಯಾ, ಪ್ರೆಶರ್ ಗೇಜ್ ಇದೆಯಾ? 24 ವೋಲ್ಟಿನ ವಾಲ್ವ್ ತೆರೆಯದಿದ್ದರೆ ಕಾಯಿಲ್ ಸುಟ್ಟಿದೆಯೋ ವೈರ್ ಕಡಿದಿದೆಯೋ ಅಂತ ಮೀಟರ್ ಇಲ್ಲದೆ ಹೇಗೆ ಗೊತ್ತಾಗಬೇಕು? ಪ್ಲಂಬರ್‌ಗಳು ಇಲ್ಲಿ ಸೋಲುತ್ತಾರೆ.

ಕೊನೆಗೆ ಇಬ್ಬರು ಉಳಿದರು. ಪರೀಕ್ಷೆಗೆ ಇಬ್ಬರಿಗೂ ಒಂದೊಂದು ಝೋನ್ ಕೊಟ್ಟೆ, ತಲಾ ಮೂವತ್ತು ಮೂವತ್ತೈದು ಸಾವಿರ, ದುಡ್ಡು ಕೊಟ್ಟೇ. ಎಂಜಿನಿಯರ್ ನಕ್ಕರು, ಪಾರ್ಟ್‌ನರ್ ಸಿಟ್ಟಾದ. ಟ್ರೆಂಚ್ ಮುಚ್ಚದೆ, ವಾಲ್ವ್‌ವರೆಗಿನ ಪೈಪನ್ನು ರಾತ್ರಿಯಿಡೀ 6 ಕೆಜಿ (ಚದರ ಸೆಂಟಿಮೀಟರ್‌ಗೆ) ಪ್ರೆಶರ್‌ನಲ್ಲಿ ಬಿಟ್ಟೆವು. ಬೆಳಿಗ್ಗೆ ಇಬ್ಬರ ಗೇಜೂ ಇಳಿದಿರಲಿಲ್ಲ. ಆಮೇಲೆ ನೀರು ಹನಿಸುವ ಡ್ರಿಪ್ಪರ್‌ಗಳ ಕೆಳಗೆ ಬಾಟಲಿ ಹಿಡಿದೆ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಅಂದರೆ ಎರಡು ನಿಮಿಷಕ್ಕೆ 130 ಮಿಲಿ ದಾಟಬೇಕು. ಒಬ್ಬನದು ಲೈನಿನ ಶುರುವಿನಲ್ಲಿ ಸರಿ ಇತ್ತು, ತುದಿಯಲ್ಲಿ 80ರ ಹತ್ತಿರ. ಇನ್ನೊಬ್ಬ ತಾಸಗಾವ್ ಕಡೆಯ ಹುಡುಗ, ಮೊದಲು ದ್ರಾಕ್ಷಿ ತೋಟಗಳಿಗೆ ಡ್ರಿಪ್ ಹಾಕುತ್ತಿದ್ದವನು. ಅವನ ಝೋನ್‌ನಲ್ಲಿ ಶುರು, ತುದಿ ಎರಡೂ ಹೆಚ್ಚುಕಮ್ಮಿ ಒಂದೇ. ಲ್ಯಾಟರಲ್ (ಡ್ರಿಪ್ಪರ್ ಇರುವ ಸಣ್ಣ ಪೈಪ್) ತುದಿಗೆಲ್ಲ ಕೊಳೆ ಹೊರಬಿಡುವ ಫ್ಲಶ್ ವಾಲ್ವ್ ಹಾಕಿದ್ದ, ಅದನ್ನು ನಾನು ಹೇಳಿರಲೇ ಇಲ್ಲ. ಕೆಲಸ ಅವನಿಗೇ ಕೊಟ್ಟೆ.

ಬಾಣೇರ್ ತೋಟಕ್ಕೆ ಬರೋದು ಎಸ್‌ಟಿಪಿ ನೀರು, ಅಂದರೆ ಶುದ್ಧೀಕರಿಸಿದ ಚರಂಡಿ ನೀರು. ಡಿಸ್ಕ್ ಫಿಲ್ಟರ್ ಒಂದೇ ಸಾಲದು, ಅದಕ್ಕಿಂತ ಮೊದಲು ಸ್ಯಾಂಡ್ (ಮರಳಿನ) ಫಿಲ್ಟರ್ ಬೇಕು ಅಂತ ಹುಡುಗ ಹಟ ಹಿಡಿದ. ಖರ್ಚು ನಲವತ್ತೈದು ಸಾವಿರ ಜಾಸ್ತಿ. ಸುಮ್ನೆ ನಂಬೋದು ಬೇಡ ಅಂತ ಒಂದು ಝೋನನ್ನು ಬರೀ 130 ಮೈಕ್ರಾನ್ ಡಿಸ್ಕ್ ಮೇಲೆ ಓಡಿಸಿದೆ. ತಿಂಗಳು ತುಂಬೋದರೊಳಗೆ ಲ್ಯಾಟರಲ್ ತುದಿ ಬಿಚ್ಚಿದರೆ ಕಂದು ಲೋಳೆ ಸುರಿಯಿತು. ಮರುದಿನವೇ ಸ್ಯಾಂಡ್ ಫಿಲ್ಟರ್ ಆರ್ಡರ್ ಮಾಡಿದೆ. ಲಾನ್ ಕೆಳಗೆ ಡ್ರಿಪ್ ಹೂಳುವ ಪ್ರಯೋಗವೂ ಒಂದು ಮೂಲೆಯಲ್ಲಿ ನಡೆದಿದೆ. ಡ್ರಿಪ್ಪರ್ ಒಳಗೆ ಬೇರು ನುಗ್ಗುತ್ತೋ ಇಲ್ಲವೋ ಅಂತ ಇನ್ನೊಂದು ವರ್ಷ ಕಾಯಬೇಕು.

ದುಡ್ಡಿನ ಒಪ್ಪಂದವೇ ಮುಖ್ಯ. ಮೀಟರ್ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಪೈಪ್ ಊರೆಲ್ಲ ಸುತ್ತುತ್ತೆ, ಇದನ್ನು ಎಷ್ಟೋ ಸೈಟ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ನಾನು ಝೋನ್ ಲೆಕ್ಕ ಮಾಡಿದೆ, ಬಾಟಲಿ ಪರೀಕ್ಷೆ ಪಾಸಾದ ಝೋನಿಗೆ ಮಾತ್ರ ಬಿಲ್. 10% ಹಿಡಿದಿಟ್ಟು ಮುಂದಿನ ಮೇ ಮುಗಿದ ಮೇಲೆ ಕೊಟ್ಟೆ. ಇದಕ್ಕೆ ಯಾರು ಒಪ್ತಾರೆ ಅಂತ ಎಲ್ಲರೂ ಕೇಳಿದರು. ರೇಟ್ ಆರೇಳು ಪರ್ಸೆಂಟ್ ಜಾಸ್ತಿ ಕೊಟ್ಟೆ, ರನ್ನಿಂಗ್ ಬಿಲ್ ವಾರದೊಳಗೆ ಟಿಡಿಎಸ್ ಕಳೆದು ಖಾತೆಗೆ ಹಾಕಿದೆ. ಪುಣೆಯಲ್ಲಿ ಸಬ್‌ಕಾಂಟ್ರಾಕ್ಟರ್‌ಗೆ ವಾರದಲ್ಲಿ ದುಡ್ಡು ಕೊಡೋರು ಎಷ್ಟು ಜನ ಇದ್ದಾರೆ? ಒಪ್ಪಿದ.

ಸೈಟಿಗೆ ಹೋಗೋ ಮುಂಚೆ ಫೋನಿನಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಬರುವ ಉತ್ತರದಲ್ಲೇ ಮುಕ್ಕಾಲು ಭಾಗ ಗೊತ್ತಾಗಿ ಬಿಡುತ್ತೆ. ಅದನ್ನು ಇಲ್ಲಿ ಬರೆಯಲ್ಲ, ಸಬ್‌ಕಾಂಟ್ರಾಕ್ಟರ್‌ಗಳೂ ಓದ್ತಾರೆ. ಹುಡುಗನ ನಂಬರ್ ಸದ್ಯಕ್ಕೆ ಕೇಳಬೇಡಿ. ಖರಾಡಿಯಲ್ಲಿ ನಮ್ಮದೇ ದೊಡ್ಡ ಕೆಲಸ ಹಿಡಿದಿದ್ದಾನೆ, ದೀಪಾವಳಿವರೆಗೂ ಬಿಡುವಿಲ್ಲ.