ಕಲಬುರಗಿಯಿಂದ ಸ್ಕೀಯಿಂಗ್‌ಗೆ: ದುಡ್ಡು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಮಕ್ಕಳಿಗೆ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಸೋಕೆ ಮನಾಲಿಗೆ ಹೋಗಿದ್ವಿ ಅಂದರೆ ನಮ್ಮ ಓಣಿಯವರ ಮೊದಲ ಪ್ರಶ್ನೆ, "ಎಷ್ಟು ಲಕ್ಷ ಆಯ್ತ್ರೀ?" ಲಕ್ಷಗಟ್ಟಲೆ ಬೇಕಿಲ್ಲ. ಹಾಗಂತ ಎಲ್ಲದರಲ್ಲೂ ಜಿಪುಣತನ ಮಾಡಿದರೂ ನಡೆಯೋದಿಲ್ಲ. ಕಲಿಸುವವನಿಗೆ ಕೊಡೋದು ಬಿಟ್ಟು ಉಳಿದದ್ದರಲ್ಲೆಲ್ಲ ಕೈ ಬಿಗಿ ಹಿಡಿಯಬಹುದು ಅನ್ನೋದು ನನ್ನ ಲೆಕ್ಕ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಗಲೇಬೇಡಿ. ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಅಷ್ಟು ಕೊಟ್ಟರೂ ಮನಾಲಿ ಹತ್ತಿರ ಸ್ಕೀಯಿಂಗ್ ನಡೆಯುವ ಸೋಲಂಗ್‌ ಕಣಿವೆಯಲ್ಲಿ ಹಿಮ ಬಿದ್ದಿರುತ್ತದೆ ಅನ್ನೋ ಖಾತ್ರಿಯಿಲ್ಲ. ಜನವರಿಯಲ್ಲಿ ಗಂಜ್‌ಗೆ ಹೊಸ ತೊಗರಿ ಬರುವ ಕಾಲ, ನಮ್ಮನೆಯವರಿಗೆ ಅಡತ್ತಿ ಅಂಗಡಿ ಬಿಟ್ಟು ಏಳೋಕೂ ಪುರಸೊತ್ತಿರೋದಿಲ್ಲ. ಹಾಗಾಗಿ ನಮ್ಮದು ಫೆಬ್ರವರಿ ಮೊದಲ ವಾರ. ಗಣರಾಜ್ಯೋತ್ಸವದ ರಜೆಗೆ ಬಂದ ಜನ ಅಷ್ಟೊತ್ತಿಗೆ ಇಳಿದಿರುತ್ತಾರೆ, ಹೋಟೆಲಿನವರು ಚೌಕಾಸಿಗೆ ಬಗ್ಗುತ್ತಾರೆ. ಮಕ್ಕಳಿಗೆ ಒಂದು ವಾರ ಶಾಲೆ ತಪ್ಪುತ್ತದೆ, ತಪ್ಪಲಿ.

ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೆಯೇ ದೆಹಲಿಗೆ ಹೋಗುವಾಗ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವ ಖರ್ಚು ಯಾಕೆ? ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಐದು ತುಂಬಿ ಹನ್ನೆರಡಾಗದ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್, ಬರ್ತ್ ಕೇಳಿದರೆ ಪೂರಾ. ನಾನು ಚಿಕ್ಕವನನ್ನು ನನ್ನ ಬರ್ತಿನಲ್ಲೇ ಮಲಗಿಸಿಕೊಳ್ಳುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ರೈಲಿನಲ್ಲೂ ಆಯಿತು, ಮನಾಲಿಯಲ್ಲಿ ಬೆಳಗಿನ ನಾಷ್ಟಾಕ್ಕೂ ಆಯಿತು. ಮನಾಲಿ ಬಸ್ಸು ಸಂಜೆಗೆ. ಅಲ್ಲಿಯವರೆಗೆ ದೆಹಲಿಯಲ್ಲಿ ಹೋಟೆಲ್ ಹಿಡಿಯಬೇಡಿ, ಪಿಎನ್‌ಆರ್ ಇದ್ದರೆ ರೈಲ್ವೆಯ ರಿಟೈರಿಂಗ್ ರೂಮ್ ಬುಕ್ ಮಾಡಬಹುದು. ಊಟಕ್ಕೆ ಬಂಗ್ಲಾ ಸಾಹಿಬ್ ಗುರುದ್ವಾರ. ಬೀದರಿನ ಗುರುನಾನಕ್ ಝೀರಾದಲ್ಲಿ ಪಂಕ್ತಿಯಲ್ಲಿ ಕೂತು ಲಂಗರ್ ಉಂಡವರಿಗೆ ಅದೇನು ಹೊಸದಲ್ಲ.

ಬಟ್ಟೆಯ ಮಾತಿಗೆ ಬಂದರೆ, ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ಇದರಲ್ಲಿ ನನ್ನ ಮಾತು ಕೇಳಿ. ಮೈಗೆ ಅಂಟುವ ಒಳ ಅಂಗಿ ಕಾಟನ್ ಆಗಬಾರದು. ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ, ಆಟ ನಿಲ್ಲಿಸಿದ ಕೂಡಲೇ ಮಗು ಗಡಗಡ ನಡುಗುತ್ತದೆ. ಆಟದ ಪಾಲಿಯೆಸ್ಟರ್ ಟೀ ಶರ್ಟ್ ಸಾಕು, ಅದರ ಮೇಲೆ ಸ್ವೆಟರ್. ಕತ್ತಿಗೆ ನಾನು ಫ್ಲೀಸ್ ತುಂಡು ಸುತ್ತು ಹೊಲಿದುಕೊಟ್ಟೆ. ನಮ್ಮೂರ ಬಿಸಿಲಿಗೆ ವರ್ಷವೆಲ್ಲ ಬೀರುವಿನಲ್ಲೇ ಕೊಳೆಯುವ ಜಾಕೆಟ್ ಕೊಳ್ಳೋದು ದಂಡ. ಮನಾಲಿಯಿಂದ ಸೋಲಂಗ್‌ಗೆ ಹೋಗುವ ರಸ್ತೆಯುದ್ದಕ್ಕೂ ನಂಬರ್ ಬರೆದ ಬಾಡಿಗೆ ಅಂಗಡಿಗಳಿವೆ. ಟ್ಯಾಕ್ಸಿಯವನು ತಾನಾಗಿ ನಿಲ್ಲಿಸಿದ ಅಂಗಡಿಗೆ ಇಳಿಯಬೇಡಿ, ಅವನ ಕಮಿಷನ್ನೂ ನಿಮ್ಮ ಜೇಬಿನಿಂದಲೇ.

ಸ್ಕೀ ಬೂಟು ಮಾತ್ರ ಅವಸರ ಮಾಡದೆ ಆರಿಸಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಕಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ಬೆಚ್ಚಗಿರುತ್ತದೆ ಅಂತ ಎಲ್ಲ ತಾಯಂದಿರೂ ತುರುಕುತ್ತಾರೆ. ಬೂಟು ಬಿಗಿದು ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಪ್ಯಾಂಟಿನ ತುದಿ ಬೂಟಿನ ಒಳಗೆ ಹೋಗದೆ ಹೊರಗೇ ಇರಲಿ. ಕಲಿಯುವ ಮಗುವಿಗೆ ಸ್ಕೀ, ಅಂದರೆ ಬೂಟಿಗೆ ಸಿಕ್ಕಿಸುವ ಉದ್ದ ಪಟ್ಟಿ, ಎದೆಯಿಂದ ಗದ್ದದವರೆಗಿನ ಎತ್ತರದ್ದು ಸಾಕು. ಹೆಲ್ಮೆಟ್ ಬಾಡಿಗೆಯಲ್ಲಿ ಉಳಿಸಬೇಡಿ.

ಸೋಲಂಗ್‌ನಲ್ಲಿ ಇಳಿದ ಕೂಡಲೇ "ಸ್ಕೀ ಮಾಡಿಸ್ತೀವಿ" ಅಂತ ಮುತ್ತಿಕೊಳ್ಳುತ್ತಾರೆ. ಕೈ ಹಿಡಿದು ಒಂದೆರಡು ಸಲ ಜಾರಿಸಿ, ಫೋಟೋ ತೆಗೆದು, ಮುಗೀತು ಅನ್ನುತ್ತಾರೆ. ಅದಕ್ಕೆ ಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಸಲಕರಣೆ ಸಮೇತ ಅರ್ಧ ದಿನಕ್ಕೆ ಎಷ್ಟು, ಎಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು ಅಂತ ಮೊದಲೇ ಬಾಯಿಬಿಟ್ಟು ಕೇಳಿ ಗೊತ್ತುಮಾಡಿ. ಬೆಳಗ್ಗೆಯಷ್ಟೇ ಸಾಕು, ಮಧ್ಯಾಹ್ನದ ಹೊತ್ತಿಗೆ ಚಿಕ್ಕವರ ಕಾಲು ಸೋಲುತ್ತದೆ. ಒಳ್ಳೆಯ ಮೇಷ್ಟ್ರು ಮೊದಲು ಬೀಳೋದು, ಏಳೋದು ಕಲಿಸುತ್ತಾನೆ. ಆಮೇಲೆ ಸ್ಕೀಯ ಮುಂತುದಿ ಹತ್ತಿರ, ಹಿಂತುದಿ ಅಗಲ ಮಾಡಿ ನಿಲ್ಲಿಸೋದು. ನಿಲ್ಲೋಕೆ ಬಂದ ಮಗು ಅಪ್ಪ ಅಮ್ಮನ ಕೈ ಬಿಡುತ್ತದೆ.

ಈ ಹಂತದಲ್ಲಿ ರೋಪ್‌ವೇ ಟಿಕೆಟ್ ಬೇಡವೇ ಬೇಡ. ಕೆಳಗಿನ ಸಣ್ಣ ಇಳಿಜಾರನ್ನು ಸ್ಕೀ ಹೆಗಲ ಮೇಲಿಟ್ಟುಕೊಂಡು ಹತ್ತಿ ಇಳಿದರಾಯಿತು. ಕಾಶ್ಮೀರದ ಗುಲ್ಮಾರ್ಗ್‌ನ ಹೆಸರು ದೊಡ್ಡದು ನಿಜ, ಆದರೆ ಅಲ್ಲಿನ ಗೊಂಡೋಲಾ ಅನ್ನೋ ರೋಪ್‌ವೇ ಎರಡನೇ ಹಂತದಲ್ಲಿ ಏರುವ ಅಫರ್ವತ್‌ ಬೆಟ್ಟದ ಇಳಿಜಾರು ಪಳಗಿದವರಿಗೆ, ನಮ್ಮಂಥವರಿಗಲ್ಲ. ದೊಡ್ಡ ಮಕ್ಕಳಿಗೆ ನಿಜವಾಗಿ ರುಚಿ ಹತ್ತಿದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಚಳಿಗಾಲದ ಸ್ಕೀ ಕೋರ್ಸ್ ವಿಚಾರಿಸಿ. ಊಟ, ವಸತಿ, ಸಲಕರಣೆ ಫೀಸಿನಲ್ಲೇ ಬರುತ್ತವೆ.

ವಾಪಸ್ ರೈಲನ್ನು ಮನಾಲಿ ಬಿಟ್ಟ ಮರುದಿನಕ್ಕೇ ಹಿಡಿಯಬೇಡಿ. ಜೋರು ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ, ಟಿಕೆಟ್ ದುಡ್ಡು ಹೋಗುತ್ತದೆ. ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಹಿಮ ಬೀಳದೇ ಆ ದಿನ ಉಳಿದರೆ ಹಳೆ ಮನಾಲಿಗೆ ನಡೆದು ಹೋಗಿ, ದಾರಿಯಲ್ಲಿ ದೇವದಾರು ಮರಗಳ ನಡುವಿನ ಹಿಡಿಂಬಾ ಗುಡಿ ನೋಡಿ, ಟ್ಯಾಕ್ಸಿ ಖರ್ಚೂ ಇಲ್ಲ.