ಟರ್ಕಿ ಹುಂಜವನ್ನು ಕೂಗಿ ಕರೆಯುವುದು ಹೇಗೆ? ಕಾಡಿನಲ್ಲಿ ಅಡ್ಡ ಬರುವವರ ಜೊತೆ ಹೇಗಿರಬೇಕು?

ಅಮೆರಿಕದಲ್ಲಿ ಚಳಿ ಕಳೆಯಿತೆಂದರೆ ಕಾಡು ಟರ್ಕಿ (ಕೋಳಿ ಜಾತಿಯ ದೊಡ್ಡ ಹಕ್ಕಿ) ಬೇಟೆ ಶುರು. ದಕ್ಷಿಣದ ರಾಜ್ಯಗಳಲ್ಲಿ ಮಾರ್ಚ್‌ನಲ್ಲೇ, ಉತ್ತರದಲ್ಲಿ ಏಪ್ರಿಲ್ ಕೊನೆಗೆ ಇಲ್ಲವೇ ಮೇ ತಿಂಗಳಲ್ಲಿ. ನಸುಕಿನಲ್ಲಿ ಹುಂಜ ಮರದ ಮೇಲಿಂದಲೇ ಕೂಗುತ್ತದೆ. ಬೇಟೆಗಾರ ಹೇಂಟೆಯ ದನಿ ಮಾಡಿ ಅದನ್ನು ಹತ್ತಿರ ಕರೆಯಬೇಕು. ಟರ್ಕಿಗಳ ನಡುವೆ ನಡೆಯುವುದು ಇದರ ಉಲ್ಟಾ: ಹುಂಜ ಕೂಗಿದರೆ ಹೇಂಟೆಯೇ ಎದ್ದು ಹೋಗುತ್ತದೆ. ಹಾಗಾಗಿ ಹುಂಜ ದೂರದಲ್ಲೇ ನಿಂತು ಕಾಯುತ್ತದೆ. ಅದನ್ನು ನಾವಿರುವ ಕಡೆಗೆ ನಡೆಸುವುದೇ ಈ ಬೇಟೆಯ ಕಷ್ಟ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳಿಂದ ಶಿಕಾರಿ ನಿಂತಿದೆ. ಅಮೆರಿಕದಲ್ಲಿ ನೆಲೆಸಿ, ಲೈಸೆನ್ಸ್ ಪಡೆದು, ತರಬೇತಿ ಮುಗಿಸಿ ಕಾಡಿಗೆ ಹೋಗುವ ಕನ್ನಡಿಗರಿಗೆ ಇದನ್ನು ಹೇಳಿಕೊಡುವ ಹಿರಿಯರು ಮನೆಯಲ್ಲಿ ಇರುವುದಿಲ್ಲ, ಅಲ್ವಾ? ಈ ಬರಹ ಅಂಥವರಿಗೆ.

ಮೊದಲು ಯಾವುದರಿಂದ ಕಲಿಯಬೇಕು?

ಹಕ್ಕಿಯ ದನಿ ಮಾಡುವ ಸಾಧನಕ್ಕೆ "ಕಾಲ್" ಎನ್ನುತ್ತಾರೆ. ಬಾಕ್ಸ್ ಕಾಲ್‌ನಿಂದ ಶುರು ಮಾಡಿ. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಒಂದು ಕಡೆ ತಿರುಪಿನಿಂದ ಕೂರಿಸಿದ ಮುಚ್ಚಳ. ಪೆಟ್ಟಿಗೆಯ ತೆಳು ಅಂಚಿಗೆ ಮುಚ್ಚಳ ಉಜ್ಜಿದರೆ ಹೇಂಟೆಯ ದನಿ ಬರುತ್ತದೆ. ಅರ್ಕಾನ್ಸಾ ರಾಜ್ಯದ ಹೆನ್ರಿ ಗಿಬ್ಸನ್ 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಉಜ್ಜುವ ಜಾಗಕ್ಕೆ ಆಗಾಗ ಸೀಮೆಸುಣ್ಣ ಹಚ್ಚಬೇಕು. ಇದಕ್ಕೆಂದೇ ಮಾರುವ, ಎಣ್ಣೆಯಂಶ ಇಲ್ಲದ ಸುಣ್ಣವೇ ಒಳ್ಳೆಯದು. ಮರಳು ಕಾಗದ ಮಾತ್ರ ಹಾಕಬೇಡಿ, ದನಿ ಕೆಡುತ್ತದೆ. ಒದ್ದೆಯಾದರೂ ಇದು ಸರಿಯಾಗಿ ಕೂಗುವುದಿಲ್ಲ.

ಎರಡನೆಯದು ಸ್ಲೇಟ್ ಕಾಲ್: ಅಂಗೈಯಗಲದ ಬಟ್ಟಲಿನ ಮೇಲೆ ಸ್ಲೇಟು ಕಲ್ಲು ಅಥವಾ ಗಾಜು, ಜೊತೆಗೆ ಒಂದು ಕಡ್ಡಿ. ಕಡ್ಡಿಯನ್ನು ಪೆನ್ಸಿಲ್‌ನಂತೆ ಹಿಡಿದು, ಅಂಚಿನ ಹತ್ತಿರ ಸಣ್ಣ ಸುತ್ತು ಹಾಕಿ. ಕಡ್ಡಿಯ ತುದಿ ಕಲ್ಲನ್ನು ಬಿಟ್ಟು ಮೇಲೇಳಬಾರದು. ಕಲ್ಲಿನ ಮೇಲೆ ಬೆರಳು ಇಡಬೇಡಿ, ಚರ್ಮದ ಜಿಡ್ಡು ಹತ್ತಿದರೆ ಕಡ್ಡಿ ಜಾರುತ್ತದೆ.

ಬಾಯಲ್ಲಿ ಇಡುವ ಡಯಾಫ್ರಂ ಕೊನೆಗೆ ಬರಲಿ. ಅದು ಲಾಳದ ಆಕಾರದ ಚೌಕಟ್ಟಿಗೆ ಬಿಗಿದ ತೆಳು ಲೇಟೆಕ್ಸ್. ತೆರೆದ ಬದಿ ಹಲ್ಲಿನ ಕಡೆಗೆ ಇರಲಿ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ಹೊಟ್ಟೆಯಿಂದ ಗಾಳಿ ಬಿಡಬೇಕು. ಮೊದಮೊದಲು ಓಕರಿಕೆ ಬರುತ್ತದೆ. ಆಗ ಅಂಚಿನ ಟೇಪನ್ನು ಸ್ವಲ್ಪ ಕತ್ತರಿಸಿ ನಿಮ್ಮ ಬಾಯಿಗೆ ಹೊಂದಿಸಿಕೊಳ್ಳಿ. ಇದು ಕೂಡಿಬಂದರೆ ಎರಡೂ ಕೈ ಖಾಲಿ ಇರುತ್ತವೆ. ಹುಂಜ ಹತ್ತಿರ ಬಂದಾಗ ಕೈ ಅಲುಗಾಡಿಸುವ ಹಾಗೇ ಇಲ್ಲ. ಅದರ ಕಣ್ಣು ಬಹಳ ಚುರುಕು.

ಲಯ ಮುಖ್ಯ

ಯೆಲ್ಪ್ ಅಂದರೆ ಹೇಂಟೆಯ ಮಾಮೂಲಿ ಕೂಗು. ಅದೊಂದನ್ನು ಚೆನ್ನಾಗಿ ಕಲಿತರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಪ್ರತಿ ಕೂಗೂ ಎತ್ತರದಲ್ಲಿ ಶುರುವಾಗಿ ಕೆಳಗಿಳಿಯುತ್ತದೆ. ಅಂಥ ಐದಾರು ಕೂಗು ಒಂದೇ ಅಂತರದಲ್ಲಿ ಬರಬೇಕು. ನಿಜವಾದ ಹೇಂಟೆಗಳ ದನಿಯೂ ಎಷ್ಟೋ ಸಲ ಒರಟಾಗಿಯೇ ಇರುತ್ತದೆ. ಹಾಗಾಗಿ ದನಿ ಇಂಪಾಗಿಲ್ಲ ಎಂದು ಕೊರಗಬೇಡಿ, ಲಯ ಹಿಡಿಯಿರಿ. ನಿಜವಾದ ಹೇಂಟೆಯ ಧ್ವನಿಮುದ್ರಣ ಹಾಕಿ, ಅದು ನಿಂತ ಕೂಡಲೇ ನೀವು ಕೂಗಿ. ಫೋನನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿ ಕೇಳಿ. ಬಾಯಿಯ ಹತ್ತಿರ ಸರಿ ಅನಿಸಿದ್ದು ದೂರದಿಂದ ಬೇರೆಯೇ ಕೇಳಿಸುತ್ತದೆ.

ಆಮೇಲೆ ಕ್ಲಕ್, ಅಂದರೆ ಒಂದೇ ಒಂದು ಚಿಕ್ಕ ಕೂಗು. ಕೊನೆಗೆ ಪರ್: ಮೇಯುತ್ತಿರುವ ಕೋಳಿಯ ಮೆದು ಗೊರಗೊರ. ಹುಂಜ ಹತ್ತಿರವಾದಷ್ಟೂ ದನಿ ಮೆದುವಾಗಲಿ, ಕಮ್ಮಿಯಾಗಲಿ. ಅದು ಉತ್ತರ ಕೊಡುತ್ತಾ ಬರುತ್ತಿದ್ದರೆ ಸುಮ್ನೆ ಕೂತುಬಿಡಿ. ಜಾಸ್ತಿ ಕೂಗಿದರೆ ಹೇಂಟೆಯೇ ಬರುತ್ತದೆ ಎಂದುಕೊಂಡು ಅದು ನಿಂತುಬಿಡುತ್ತದೆ.

ಅಭ್ಯಾಸ ಎಲ್ಲಿ? ಕಾರಿನಲ್ಲಿ, ಗ್ಯಾರೇಜಿನಲ್ಲಿ, ಮನೆಯವರು ಹೊರಗೆ ಹೋದಾಗ. ಬೇಟೆ ಶುರುವಾಗುವ ಮುಂಚೆ ಕಾಡಿಗೆ ಹೋಗಿ ಹೇಂಟೆಯ ದನಿ ಮಾಡಲೇಬೇಡಿ. ಕರೆದ ಕಡೆ ಬಂದು ಮನುಷ್ಯನನ್ನು ನೋಡಿದ ಹುಂಜ ಮತ್ತೆ ಸುಲಭಕ್ಕೆ ನಂಬುವುದಿಲ್ಲ, ನಿಮ್ಮನ್ನೂ ಬೇರೆಯವರನ್ನೂ. ಹುಂಜ ಎಲ್ಲಿದೆ ಎಂದು ತಿಳಿಯಬೇಕಾದರೆ ಗೂಬೆಯಂತೆ ಇಲ್ಲವೇ ಕಾಗೆಯಂತೆ ಕೂಗಿ. ಬೆಚ್ಚಿದ ಹುಂಜ ಥಟ್ಟನೆ ತಾನೂ ಕೂಗುತ್ತದೆ.

ಕಾಡಿನಲ್ಲಿ ಇನ್ನೊಬ್ಬರು ಸಿಕ್ಕಾಗ

ಸಾರ್ವಜನಿಕ ಕಾಡಿನಲ್ಲಿ ಜನ ಸಿಕ್ಕೇ ಸಿಗುತ್ತಾರೆ. ಗೇಟಿನ ಬಳಿ ಆಗಲೇ ಒಂದು ಗಾಡಿ ನಿಂತಿದ್ದರೆ ನೀವು ಬೇರೆ ಜಾಗಕ್ಕೆ ಹೋಗಿ. ಹಿಂದಿನ ದಿನವೇ ಎರಡು ಮೂರು ಜಾಗ ನೋಡಿಟ್ಟುಕೊಂಡರೆ ಇದು ಕಷ್ಟವಲ್ಲ. ಯಾರಾದರೂ ಹುಂಜವನ್ನು ಕರೆಯುತ್ತಿರುವುದು ಕೇಳಿಸಿದರೆ ನಡುವೆ ನುಗ್ಗಬೇಡಿ.

ನೀವು ಹೀಗೆ ನಡೆದುಕೊಂಡರೂ ಎಲ್ಲರೂ ನಡೆದುಕೊಳ್ಳುವುದಿಲ್ಲ. ನೀವು ಕರೆಯುತ್ತಿರುವ ಹುಂಜದ ಕಡೆಗೆ ಇನ್ನೊಬ್ಬ ಸದ್ದಿಲ್ಲದೆ ನುಸುಳಿ ಬರುತ್ತಾನೆ. ನಿಮ್ಮ ದನಿಯನ್ನೇ ಕೋಳಿ ಎಂದುಕೊಂಡು ನಿಮ್ಮ ಹತ್ತಿರ ಬರುವುದೂ ಉಂಟು. ಜೀವಕ್ಕೆ ಅಪಾಯ ಇರುವುದು ಇಲ್ಲೇ. ಆಗ ಕೈ ಬೀಸಬೇಡಿ, ಎದ್ದು ನಿಲ್ಲಬೇಡಿ, ಕೋಳಿಯ ದನಿಯಂತೂ ಮಾಡಲೇಬೇಡಿ. ಕೂತಲ್ಲಿಂದಲೇ ಅಲುಗಾಡದೆ, ಗಟ್ಟಿಯಾಗಿ "ಸ್ಟಾಪ್" ಎಂದು ಕೂಗಿ. ಹುಂಜ ಓಡಿಹೋಗುತ್ತದೆ, ಹೋಗಲಿ.

ಇದಕ್ಕೆ ಮನೆಯಲ್ಲೇ ತಯಾರಾಗಬೇಕು. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಬಣ್ಣದ ಬಟ್ಟೆ, ಕರವಸ್ತ್ರ, ಸಾಕ್ಸ್ ಯಾವುದೂ ಬೇಡ. ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ, ಹಿಂದಿನಿಂದ ಬರುವ ಗುಂಡಿಗೆ ಅದೇ ತಡೆ. ಹುಂಜದಂತೆಯೇ ಕೂಗುವ ಕಾಲ್ ಸಾರ್ವಜನಿಕ ಕಾಡಿಗೆ ಬೇಡ. ಟರ್ಕಿಯ ಬಾಲದ ಗರಿಗಳನ್ನು ಅಡ್ಡ ಹಿಡಿದು ತೆವಳುವ ಪದ್ಧತಿಯಂತೂ ನನ್ನ ಪ್ರಕಾರ ಯಾರೂ ಮಾಡಬಾರದ ಕೆಲಸ. ಕೆಲವು ರಾಜ್ಯಗಳು ಸಾರ್ವಜನಿಕ ಜಾಗದಲ್ಲಿ ಅದನ್ನು ನಿಷೇಧಿಸಿವೆ.

ಬಂದವನ ಜೊತೆ ಜಗಳ ಬೇಡ. ಇಬ್ಬರ ಕೈಯಲ್ಲೂ ಬಂದೂಕಿದೆ. "ನಾನು ನಸುಕಿನಿಂದ ಇಲ್ಲಿದ್ದೇನೆ, ನೀವು ಆ ಕಡೆ ಹೋಗುತ್ತೀರಾ?" ಎಂದು ಕೇಳಿ. ಎಷ್ಟೋ ಜನ ಕ್ಷಮೆ ಕೇಳಿ ಹೋಗುತ್ತಾರೆ. ಒಪ್ಪದಿದ್ದರೆ ನೀವೇ ಹೊರಡಿ. ಹತ್ತಿರ ಬಂದು ಕೂತರು ಅನ್ನುವುದು ಸಾಮಾನ್ಯವಾಗಿ ಅಪರಾಧ ಆಗುವುದಿಲ್ಲ. ಬೇಕೆಂದೇ ಬೇಟೆ ಕೆಡಿಸುವುದು, ಬೆದರಿಸುವುದು ಬೇರೆ ಮಾತು. ಅದರ ವಿರುದ್ಧ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಕಾನೂನಿದೆ. ಗಾಡಿಯ ನಂಬರ್, ಸಮಯ, ಜಾಗ ಬರೆದುಕೊಂಡು ವನ್ಯಜೀವಿ ಇಲಾಖೆಯ ಅಧಿಕಾರಿಗೆ ತಿಳಿಸಿ.

ಒಂದು ಮಾತು ನೆನಪಿರಲಿ. 20ನೇ ಶತಮಾನದ ಶುರುವಿನಲ್ಲಿ ಈ ಹಕ್ಕಿ ಎಷ್ಟೋ ರಾಜ್ಯಗಳಲ್ಲಿ ಕಾಣದಂತೆ ಆಗಿತ್ತು. ಉಳಿದವನ್ನು ಬಲೆಯಲ್ಲಿ ಹಿಡಿದು, ಬೇರೆ ಬೇರೆ ಕಾಡುಗಳಿಗೆ ಸಾಗಿಸಿ ಬೆಳೆಸಿದರು. ಅದಕ್ಕೆ ಬಹಳಷ್ಟು ಹಣ ಬಂದಿದ್ದು ಬೇಟೆಗಾರರ ಲೈಸೆನ್ಸ್ ಶುಲ್ಕದಿಂದ, 1937ರ ಕಾನೂನಿನಂತೆ ಬಂದೂಕು ಮತ್ತು ಮದ್ದುಗುಂಡಿನ ತೆರಿಗೆಯಿಂದ. ಎದುರಿಗೆ ಬಂದು ಕೂತವನ ಪಾಲೂ ಅದರಲ್ಲಿದೆ.

ಗುಂಪು ತಪ್ಪಿಸಲು ವಾರದ ನಡುವೆ ಹೋಗಿ. ನಿಮ್ಮ ರಾಜ್ಯದಲ್ಲಿ ಬೇಟೆಯ ಹೊತ್ತು ಎಲ್ಲಿಯವರೆಗೆ ಎಂದು ನೋಡಿಕೊಂಡು, ಒಂಬತ್ತು ಗಂಟೆಯ ಮೇಲೂ ಕೂರಿ. ಅಷ್ಟರಲ್ಲಿ ಹೆಚ್ಚಿನ ಜನ ತಿಂಡಿಗೆ ಹೋಗಿರುತ್ತಾರೆ. ಹೇಂಟೆಗಳು ಗೂಡಿಗೆ ಹೋಗಿ, ಹುಂಜ ಒಂಟಿಯಾಗಿ ಅಲೆಯುತ್ತಿರುತ್ತದೆ. ಮೆದುವಾದ ಯೆಲ್ಪ್‌ಗೆ ಅದು ಬರುವುದು ಆಗಲೇ ಜಾಸ್ತಿ. ಬೇಟೆ ಸಿಕ್ಕಿದರೆ ಹಕ್ಕಿಯನ್ನು ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಪೂರ್ತಿ ಸುತ್ತಿ, ಆಮೇಲೆ ಹೆಗಲಿಗೆ ಹಾಕಿಕೊಂಡು ಹೊರಡಿ.