ನೊಪಾಲ್ ಅಡುಗೆ: ಮುಳ್ಳು ಪೂರ್ತಿ ಹೋಗಲಿ, ಲೋಳೆ ಉಳಿಯಲಿ

ಮೆಕ್ಸಿಕೊದಲ್ಲಿ ಪಾಪಾಸುಕಳ್ಳಿಯ ಎಳೆಯ ಎಲೆ ದಿನಬಳಕೆಯ ತರಕಾರಿ. ಅಲ್ಲಿ ಅದರ ಹೆಸರು ನೊಪಾಲ್. ರಾಜಧಾನಿಯ ದಕ್ಷಿಣ ಭಾಗದ ಮಿಲ್ಪಾ ಆಲ್ಟಾ ಅದರ ಬೇಸಾಯಕ್ಕೇ ಹೆಸರುವಾಸಿ. 1988ರಲ್ಲಿ ಮೆಕ್ಸಿಕೊದ ವೈದ್ಯರು ಟೈಪ್ 2 ಮಧುಮೇಹಿಗಳಿಗೆ 500 ಗ್ರಾಂ ಸುಟ್ಟ ನೊಪಾಲ್ ತಿನ್ನಿಸಿದಾಗ ರಕ್ತದ ಸಕ್ಕರೆ ಇಳಿಯಿತು. 2014ರ ಅಧ್ಯಯನವೊಂದರಲ್ಲಿ ತಿಂಡಿಯ ಜೊತೆ 300 ಗ್ರಾಂ ಕೊಟ್ಟಾಗ ಊಟದ ನಂತರದ ಏರಿಕೆ ತಗ್ಗಿತು. ಎರಡೂ ಕೆಲವೇ ಜನರ ಮೇಲೆ ನಡೆದ ಪ್ರಯೋಗಗಳು. ಹಾಗಾಗಿ ಇದನ್ನು ತರಕಾರಿಯಾಗಿ ತಿನ್ನಿ, ಮಾತ್ರೆ ಬಿಡಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮೆಕ್ಸಿಕನ್ ಅಂಗಡಿಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ. ಅಂಗೈಯಗಲದ, ತೆಳ್ಳನೆಯ, ಹಚ್ಚಹಸಿರು ಎಲೆಗಳನ್ನೇ ಆರಿಸಿ. ಊರಿನ ಬೇಲಿಯಿಂದ ಕಂಡ ಕಂಡ ಕಳ್ಳಿಯನ್ನು ಕಿತ್ತು ತರಬೇಡಿ. ಮುರಿದರೆ ಹಾಲು ಸುರಿಸುವ ಕಳ್ಳಿ ಬೇರೆಯೇ ಕುಲದ್ದು, ವಿಷ.

ಹೆಚ್ಚಿನವರು ಎಡವುವುದು ಮುಳ್ಳು ಬಿಡಿಸುವಾಗ. ಉದ್ದ ಮುಳ್ಳು ಕಣ್ಣಿಗೆ ಬೀಳುತ್ತದೆ, ಅದರ ಬುಡದಲ್ಲಿರುವ ಕೂದಲಿನಂಥ ಸಣ್ಣ ಮುಳ್ಳಿನ ಗುಚ್ಛ ಬೀಳುವುದಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ಅದು ಬೆರಳಿನಲ್ಲಿ ಮುರಿದು ಕೂತು ದಿನಗಟ್ಟಲೆ ಚುಚ್ಚುತ್ತದೆ. ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಿ. ಬಟ್ಟೆಯದು ಬೇಡ, ಮುಳ್ಳು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಎಲೆಯನ್ನು ಮಣೆಯ ಮೇಲಿಟ್ಟು ಬುಡವನ್ನು ಇಕ್ಕಳದಿಂದ ಒತ್ತಿ ಹಿಡಿಯಿರಿ. ಹರಿತವಾದ ಚಾಕುವನ್ನು ಬಹುಪಾಲು ಮಲಗಿಸಿ, ಬುಡದಿಂದ ತುದಿಯ ಕಡೆಗೆ ಮುಳ್ಳು ಹುಟ್ಟುವ ಒಂದೊಂದೇ ಕಣ್ಣನ್ನು ಹೆರೆಯಿರಿ. ಹಸಿರು ಸಿಪ್ಪೆಯನ್ನೆಲ್ಲ ಸುಲಿಯಬೇಕಿಲ್ಲ. ಅಂಚಿನಲ್ಲಿ ಕಣ್ಣುಗಳು ಒತ್ತಾಗಿರುವುದರಿಂದ ಸುತ್ತಲೂ ಅರ್ಧ ಸೆಂಟಿಮೀಟರ್ ಕತ್ತರಿಸಿಬಿಡಿ, ಬುಡವನ್ನೂ. ಮಗುಚಿ, ಹಿಂಬದಿಯನ್ನೂ ಹೀಗೆಯೇ ಮಾಡಿ. ನಲ್ಲಿ ನೀರಿನಡಿ ಬ್ರಷ್‌ನಿಂದ ತಿಕ್ಕಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದು ಕಣ್ಣು ಉಳಿದಿದ್ದರೂ ಮತ್ತೆ ಹೆರೆಯಿರಿ. ಗ್ಯಾಸ್ ಉರಿಯಲ್ಲಿ ಸವರಿ ಮುಗಿಸುವವರಿದ್ದಾರೆ. ಕೂದಲು ಸುಟ್ಟರೂ ಮೋಟು ಉಳಿಯಬಹುದು, ನಾನು ಅದನ್ನು ಒಪ್ಪುವುದಿಲ್ಲ. ಬೆರಳಿಗೆ ಚುಚ್ಚಿದರೆ ಚಿಮಟದಿಂದ ಕೀಳಿ, ಬಾಯಿಗಿಡಬೇಡಿ.

ಮುಂದಿನದು ಸುಲಭ: ಎಲೆಗೆ ಉದ್ದುದ್ದ ಗೀರು ಹಾಕಿ, ಎಣ್ಣೆ ಸವರಿ, ಕಾದ ಕಾವಲಿಯಲ್ಲಿ ಎರಡೂ ಬದಿ ಬೇಯಿಸಿ. ಹಚ್ಚಹಸಿರು ಮಾಸಿ, ಅಲ್ಲಲ್ಲಿ ಕಪ್ಪು ಕಲೆ ಬಿದ್ದರೆ ಆಯಿತು.

ಬೆಂಡೆಕಾಯಿಯಂತೆ ಇದೂ ಲೋಳೆ ಬಿಡುತ್ತದೆ. ಅದಕ್ಕೆ ಹೇಸಿ ನೀರಿನಲ್ಲಿ ಕುದಿಸಿ, ಬಸಿದು, ಮೂರು ಸಲ ತೊಳೆಯುತ್ತಾರೆ. ಆ ಲೋಳೆಯಲ್ಲೇ ಕರಗುವ ನಾರಿದೆ. ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುವುದರಲ್ಲಿ ಅದರ ಪಾತ್ರ ದೊಡ್ಡದು. ಕಾವಲಿಯಲ್ಲಿ ಲೋಳೆ ಎಲೆಗೇ ಅಂಟಿ ಒಣಗುತ್ತದೆ. ಅದಕ್ಕೇ ಕುದಿಸುವುದು ಬೇಡ ಎನ್ನುತ್ತೇನೆ. ಅನಾನಸ್ ಬೆರೆಸಿದ ನೊಪಾಲ್ ಜ್ಯೂಸ್ ಅಂತೂ ಮಧುಮೇಹಿಗಳಿಗೆ ಖಂಡಿತ ಬೇಡ. ಬಾಟಲಿಯ ಉಪ್ಪುನೀರಿನ ನೊಪಾಲ್ ರಕ್ತದೊತ್ತಡ ಇರುವವರಿಗೆ ಒಳ್ಳೆಯದಲ್ಲ.

ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆರಸ ಸೇರಿಸಿ ಊಟದ ಜೊತೆಯಲ್ಲೇ ತಿನ್ನಿ. ಮೊದಲ ಸಲ ಒಂದೇ ಎಲೆ ಸಾಕು. ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಲೇಬೇಕು, ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ಊಟಕ್ಕೆ ಮುಂಚೆ ಮತ್ತು ಎರಡು ಗಂಟೆಯ ನಂತರ ಗ್ಲುಕೋಮೀಟರ್‌ನಲ್ಲಿ ಅಳೆದು ಬರೆದಿಡಿ; ನಡುಕ, ಬೆವರು ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ.